ಮೂರೂವರೆ ನಿಮಿಷದ ಗದ್ದಲ

ಕ್ಯಾಸೆಟ್ಟಿನ ನಾಲ್ಕು ಮೂಲೆಗಳಲ್ಲಿ ಒಂದರಲ್ಲೂ ಸ್ಕ್ರೂ ಇರಲಿಲ್ಲ. ಅದನ್ನು ಕಂಡ ಕೂಡಲೇ ನನಗೆ ತಲೆನೋವು ಶುರುವಾಯಿತು. ಹಳೆಯ ಕಾಲದ ಕೆಲವು ಕ್ಯಾಸೆಟ್ಟುಗಳ ಎರಡು ಹೋಳುಗಳನ್ನು ಕಾರ್ಖಾನೆಯಲ್ಲೇ ಬೆಸೆದುಬಿಡುತ್ತಿದ್ದರು. ಬಿಚ್ಚಲು ಬರುವುದಿಲ್ಲ, ಒಡೆಯಬೇಕು. ಒಡೆಯುವಾಗ ಕೈ ಕೂದಲೆಳೆಯಷ್ಟು ಜಾರಿದರೂ ಒಳಗಿನ ಟೇಪು ಹರಿಯುತ್ತದೆ.

ತಂದವರು ನಮ್ಮ ಸಂಸ್ಥೆಯ ಐರಿಷ್ ಮೇಡಂ. ಮಸ್ಕತ್ತಿನ ಒಂದು ತರಬೇತಿ ಸಂಸ್ಥೆಯಲ್ಲಿ ನಾನು ಮೈಕು, ಸ್ಪೀಕರು, ಪ್ರೊಜೆಕ್ಟರುಗಳನ್ನು ನೋಡಿಕೊಳ್ಳುವವನು. ಅವರು ಅಲ್ಲಿ ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಇಂಗ್ಲಿಷ್ ಕಲಿಸುವವರು. ಅರವತ್ತರ ಆಸುಪಾಸಿನ ಹೆಂಗಸು. ಮಸ್ಕತ್ತಿನದೇ ಬಡಾವಣೆಯಾದ ಅಲ್ ಹೈಲ್‌ನಲ್ಲಿ ಒಬ್ಬರೇ ಇದ್ದರು. ಹಳೆಯ ಕ್ಯಾಸೆಟ್ಟುಗಳ ಸದ್ದನ್ನು ಕಂಪ್ಯೂಟರಿಗೆ ಇಳಿಸಿ ಶುದ್ಧ ಮಾಡುವುದು ನನ್ನ ಬಿಡುವಿನ ಹುಚ್ಚು ಎಂದು ಯಾರೋ ಅವರಿಗೆ ಹೇಳಿದ್ದರು. ನಮ್ಮ ಮಾತೆಲ್ಲ ನಡೆದದ್ದು ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇದು ನನ್ನ ಅಮ್ಮ ನನ್ನ ಅಪ್ಪನಿಗೆ ಕಳಿಸಿದ ಪತ್ರ," ಎಂದರು. "ಅಪ್ಪ ಇಂಗ್ಲೆಂಡಿನಲ್ಲಿ ಕಟ್ಟಡದ ಕೆಲಸ ಮಾಡ್ತಿದ್ದ. ನಾವು ಬೆಲ್‌ಫಾಸ್ಟಿನಲ್ಲಿದ್ದೆವು. ಬರೆಯೋಕೆ ಬೇಜಾರಾದಾಗ ಅಮ್ಮ ಹೀಗೆ ಮಾತಾಡಿ ಕಳಿಸ್ತಿದ್ದಳು."

ಎಪ್ಪತ್ತರ ದಶಕದ ಮೊದಲ ವರ್ಷಗಳದ್ದು. ಅಮ್ಮನ ಮನೆ ಖಾಲಿ ಮಾಡುವಾಗ ಚಿಕ್ಕಪ್ಪನ ಮಗಳಿಗೆ ಸಿಕ್ಕಿತಂತೆ. ಅಮ್ಮ ಈಗ ಅಲ್ಲಿನ ಆರೈಕೆ ಕೇಂದ್ರವೊಂದರಲ್ಲಿ. ವಯಸ್ಸು ತೊಂಬತ್ತು ದಾಟಿದೆ, ಹೃದಯ ಸೋತಿದೆ, ಬುದ್ಧಿ ಮಾತ್ರ ಚುರುಕಾಗಿದೆ. ಇನ್ನು ಕೆಲವೇ ವಾರ ಎಂದಿದ್ದಾರೆ ಡಾಕ್ಟರು. ಮೇಡಂ ಮುಂದಿನ ವಾರದ ಶನಿವಾರಕ್ಕೆ ಟಿಕೆಟ್ ತೆಗೆದಿದ್ದರು. ಅಂದು ಗುರುವಾರ, ನನ್ನ ಕೈಯಲ್ಲಿದ್ದದ್ದು ಒಂಬತ್ತು ದಿನ.

"ಹೋಗಿ ಪಕ್ಕದಲ್ಲಿ ಕೂತರೆ ನಮಗೆ ಆಡಲು ಮಾತಿಲ್ಲ," ಎಂದರು ಮೇಡಂ, ಕ್ಯಾಸೆಟ್ಟಿನ ಮೇಲಿನ ಧೂಳನ್ನು ಬೆರಳಲ್ಲಿ ಒರೆಸುತ್ತಾ. "ನಲವತ್ತು ವರ್ಷದಿಂದ ನಾನೂ ಅಮ್ಮನೂ ಮಳೆ, ಗಾಳಿ, ಚಳಿ ಬಿಟ್ಟು ಬೇರೆ ಮಾತಾಡಿದ್ದಿಲ್ಲ. ಆಗಿನ ದನಿ ಕೇಳಿದರೆ ಏನಾದರೂ ಒಂದು ಮಾತು ಹುಟ್ಟೀತೇನೋ ಅಂತ ಆಸೆ."

ಯಾಕೆ ಹಾಗೆ ಎಂದು ನಾನು ಕೇಳಲಿಲ್ಲ. ಕೇಳುವಷ್ಟು ಸಲಿಗೆ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅಲ್ ಅಮೇರಾತ್‌ನ ನಮ್ಮ ಮನೆಯಲ್ಲಿ, ಊಟದ ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ ಕುಳಿತೆ. ಬೆಸುಗೆಯ ಗೆರೆಯ ಮೇಲೆ ಬ್ಲೇಡು ಆಡಿಸಿ ಆಡಿಸಿ, ಸುಮಾರು ಒಂದು ಗಂಟೆಯ ಮೇಲೆ, ಚಿಪ್ಪು 'ಟಕ್' ಎಂದು ಬಾಯಿಬಿಟ್ಟಿತು. ಒಳಗೆ ಒದ್ದೆ ಮನೆಯ ವಾಸನೆ ಇತ್ತು. ಸುರುಳಿಯ ಅಂಚಿಗೆ ಬಿಳಿಯ ಬೂಸಲು. ಟೇಪನ್ನು ಯಂತ್ರದ ಓದುವ ತಲೆಗೆ ಒತ್ತಿ ಹಿಡಿಯುವ ಮೆತ್ತನೆಯ ತುಂಡು ಕಳಚಿ ಬಿದ್ದಿತ್ತು. ಬೂಸಲನ್ನು ಒಣ ಹತ್ತಿಯಿಂದ ಒರೆಸಿ, ಸುರುಳಿಗಳನ್ನು ಸ್ಕ್ರೂ ಇರುವ ಬೇರೆ ಚಿಪ್ಪಿಗೆ ಸಾಗಿಸಬೇಕು. ಅಂಥ ಚಿಪ್ಪು ನನ್ನಲ್ಲಿರಲಿಲ್ಲ.

ಅದನ್ನು ಒದಗಿಸಿದವನು ನಮ್ಮ ಸ್ಟೋರು ನೋಡಿಕೊಳ್ಳುವ, ಸುವೈಕ್ ಊರಿನ ಒಮಾನಿ. ಫೋನು ಮಾಡಿದ್ದಕ್ಕೆ ಶನಿವಾರ ಬೆಳಿಗ್ಗೆ ತಾನೇ ಕಾರಿನಲ್ಲಿ ಬಂದ, ಪ್ಲಾಸ್ಟಿಕ್ ಚೀಲದ ತುಂಬ ಕ್ಯಾಸೆಟ್ಟು ಹಿಡಿದುಕೊಂಡು. ಊರಿನ ಮಾರ್ಕೆಟ್ಟಿನಲ್ಲಿ ಒಂದು ಹಳೆಯ ಅಂಗಡಿ ಮುಚ್ಚುತ್ತಿತ್ತಂತೆ.

"ಯಲ್ಲಾ, ಬೇಕಾದ್ದು ತಗೋ," ಎಂದ, ತನ್ನ ಹಿಂದಿಯಲ್ಲಿ. "ನನ್ನ ಬಾಬಾ ಕುವೈತಿನಲ್ಲಿ ಕೂಲಿ ಮಾಡುವಾಗ ಹೀಗೇ ಮಾತು ಕಳಿಸ್ತಿದ್ದ. ಅಮ್ಮ ಕೇಳಿ ಮುಗಿಸಿ, ಅದರ ಮೇಲೇ ಜವಾಬು ಮಾತಾಡಿ ವಾಪಸು ಕಳಿಸೋಳು. ಬಾಬಾನ ದನಿ ಖಲಾಸ್. ಈಗ ಒಂದೂ ಇಲ್ಲ."

ಅವನು ಹೋದ ಮೇಲೆ ಮೇಡಂನ ಟೇಪನ್ನು ನೋಡಿದಾಗ ಅದು ಉಳಿದದ್ದೇ ಒಂದು ಪವಾಡ ಅನ್ನಿಸಿತು. ಆ ಅಪ್ಪ ಅದರ ಮೇಲೆ ಜವಾಬು ಮಾತಾಡಿರಲಿಲ್ಲ. ಹಾಗೇ ಕಟ್ಟಿ ಇಟ್ಟುಕೊಂಡಿದ್ದ.

ಇಂಥ ಟೇಪನ್ನು ಒಂದೇ ಸಲ ನುಡಿಸಬೇಕು. ಎರಡನೆಯ ಸಲಕ್ಕೆ ಉಳಿಯುತ್ತದೆಂಬ ಭರವಸೆಯಿಲ್ಲ. ಕ್ಯಾಸೆಟ್ ಡೆಕ್ಕಿನ ತಲೆ ಒರೆಸಿ, ಮಾತು ಶುರುವಾದ ಮೊದಲ ಕ್ಷಣಗಳಲ್ಲೇ ತಲೆಯ ಪಕ್ಕದ ಪುಟ್ಟ ತಿರುಪನ್ನು 'ಸ' ಅಕ್ಷರ ಚೂಪಾಗುವ ತನಕ ತಿರುಗಿಸಿ, ಉಸಿರು ಬಿಗಿಹಿಡಿದು ಕುಳಿತೆ. ನಡುವೆ ಎರಡು ಕಡೆ ಟೇಪು ತೊದಲಿತು. ನಿಲ್ಲಲಿಲ್ಲ. ಇಪ್ಪತ್ತೆಂಟು ನಿಮಿಷ, ಪೂರ್ತಿ, ಕಂಪ್ಯೂಟರಿಗೆ ಬಂತು.

ದನಿ ಮಾತ್ರ ಗಿಣಿಯದು. ರೆಕಾರ್ಡು ಮಾಡುವಾಗ ಬ್ಯಾಟರಿ ಸೋತಿದ್ದರೆ ಟೇಪು ನಿಧಾನ ಓಡಿರುತ್ತದೆ. ನಮ್ಮ ಯಂತ್ರದಲ್ಲಿ ಸರಿಯಾದ ವೇಗದಲ್ಲಿ ಓಡಿಸಿದಾಗ ಮಾತು ಕೀರಲಾಗುತ್ತದೆ. ಎಷ್ಟು ಇಳಿಸಬೇಕೆಂದು ನನಗೆ ಹೇಗೆ ಗೊತ್ತಾಗಬೇಕು? ಅರ್ಧ ನಿಮಿಷದ ತುಣುಕನ್ನು ನಾಲ್ಕು ವೇಗದಲ್ಲಿ ಮಾಡಿ ಭಾನುವಾರ ಮೇಡಂಗೆ ಕಳಿಸಿದೆ. ಮೊದಲನೆಯದಕ್ಕೆ "ಇಲ್ಲ". ಎರಡನೆಯದಕ್ಕೆ "ಇನ್ನೂ ಕೆಳಗೆ". ಮೂರನೆಯದಕ್ಕೆ "ಇದೇ ಅವಳು."

ಇನ್ನು ಶುದ್ಧೀಕರಣ. ಇಲ್ಲಿ ನನ್ನ ಗುಣ ಹೇಳಿಕೊಳ್ಳಬೇಕು. ನನಗೆ ಗದ್ದಲ ಕಂಡರಾಗದು. ಸುಯ್ ಎನ್ನುವ ಸದ್ದು, ಗುಂಯ್ ಎನ್ನುವ ಸದ್ದು, ಕುರ್ಚಿ ಕಿರುಗುಟ್ಟಿದ್ದು, ಕೆಮ್ಮಿದ್ದು, ಎಲ್ಲವನ್ನೂ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿ ಬಿಸಾಡಿದರೇ ನನಗೆ ಸಮಾಧಾನ. ನಾನು ಮೈಸೂರಿನವನು, ನನ್ನ ಹೆಂಡತಿ ಬೆಳ್ತಂಗಡಿ ಕಡೆಯವಳು. "ನಿಮ್ಮದು ಕಿವಿ ಅಲ್ಲ ಮಾರಾಯ್ರೆ, ಮಡಿ ಪಂಚೆ. ಯಾರೂ ಮುಟ್ಲಿಕ್ಕಿಲ್ಲ," ಎಂದು ಅವಳು ಹಂಗಿಸುತ್ತಲೇ ಇರುತ್ತಾಳೆ. ಅದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೆ.

ತಾಯಿಯ ಉಚ್ಚಾರಣೆ ನನಗೆ ಅರ್ಧಕ್ಕರ್ಧ ಅರ್ಥವಾಗುತ್ತಿರಲಿಲ್ಲ. ಕಲ್ಲಿದ್ದಲಿನ ಬೆಲೆ, ಮಗಳ ಶೂ ಚಿಕ್ಕದಾದದ್ದು, ಪಕ್ಕದ ಮನೆಯ ಹೆರಿಗೆ, ಇಷ್ಟು ಸಿಕ್ಕಿತು. ಹನ್ನೊಂದನೆಯ ನಿಮಿಷದ ಹೊತ್ತಿಗೆ ಆಕೆ ನಡುಮಾತಿನಲ್ಲಿ ನಿಲ್ಲಿಸಿಬಿಡುತ್ತಾಳೆ. ರೆಕಾರ್ಡರು ಓಡುತ್ತಲೇ ಇದೆ. ಅಲ್ಲಿಂದ ಮೂರೂವರೆ ನಿಮಿಷ ಬರೀ ಗದ್ದಲ: ಕೆಳಗೊಂದು ಗುಂಯ್ ಸದ್ದು, ಏನೋ ಎಳೆದದ್ದು, ತಗಡಿನ ಧಡಧಡ, ಕಿವಿ ಕಿತ್ತುಹೋಗುವಂತೆ. ಅದರ ಕೊನೆಗೆ ಒಂದು ಮಗುವಿನ ದನಿ ಕೇಳುತ್ತದೆ, ತಾಯಿಯ ಉತ್ತರ, ಆಮೇಲೆ ಗಂಡನಿಗೆ ಒಂದು ಸಾಲು: "ಆ ಸದ್ದು ಏನೂ ಅಲ್ಲ, ಗಾಳಿಗೆ ಕಸದ ಡಬ್ಬಿಯ ಮುಚ್ಚಳ ಹಾರಿಬಿತ್ತು." ಮತ್ತೆ ಶೂ, ಕಲ್ಲಿದ್ದಲು.

ಸರಿ, ಗಾಳಿಗೆ ಬಿದ್ದ ಮುಚ್ಚಳ. ಅದರಿಂದ ಯಾರಿಗೇನು ಲಾಭ? ಆ ಮೂರೂವರೆ ನಿಮಿಷವನ್ನು ಎರಡು ಉಸಿರಿನಷ್ಟಕ್ಕೆ ಕತ್ತರಿಸಿದೆ. ಮಗುವಿನ ಮಾತಿನ ಹಿಂದೆ ಉಳಿದಿದ್ದ ಧಡಧಡವನ್ನೂ ಒರೆಸಿದೆ. ತಾಯಿ ಮಾತಾಡುತ್ತಾಳೆ, ಚೂರು ಸುಮ್ಮನಾಗುತ್ತಾಳೆ, ಮಗು ಬರುತ್ತದೆ. ಎಷ್ಟು ಚೆನ್ನಾಗಿ ಕೂಡಿಕೊಂಡಿತೆಂದರೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಬುಧವಾರ ಪಾಠ ಮುಗಿಸಿ ಮೇಡಂ ಸಭಾಂಗಣದ ಹಿಂದಿನ ನನ್ನ ಕೋಣೆಗೆ ಬಂದರು. ಹೆಡ್‌ಫೋನು ಕೊಟ್ಟು, ನಾನು ವೈರು ಸುತ್ತುವ ನೆಪದಲ್ಲಿ ಅತ್ತ ತಿರುಗಿ ನಿಂತೆ. ಹೊಗಳಿಕೆಗೆ ಕಾದಿದ್ದೆ ಎಂದರೂ ತಪ್ಪಿಲ್ಲ. ಮೊದಲು ಅವರು ಸಣ್ಣಗೆ ನಕ್ಕದ್ದು ಕೇಳಿಸಿತು. ಆಮೇಲೆ ತಿರುಗಿ ನೋಡಿದರೆ ಹೆಡ್‌ಫೋನು ಮೇಜಿನ ಮೇಲಿತ್ತು. ಟೇಪು ಇನ್ನೂ ಅರ್ಧ ಬಾಕಿ ಇತ್ತು.

"ನನಗೆ ತಪ್ಪಾಗಿ ನೆನಪಿದೆಯೇನೋ ಅಂದುಕೊಂಡಿದ್ದೆ," ಎಂದರು. "ಇಲ್ಲ. ಸರಿಯಾಗೇ ನೆನಪಿತ್ತು. ಅವಳ ಬಾಯಲ್ಲೇ ಇದೆ."

ಆಗ ಹೇಳಿದರು. ಬ್ರಿಟಿಷರ ಆಳ್ವಿಕೆ ಬೇಡವೆನ್ನುವ ಕ್ಯಾಥೊಲಿಕರಿಗೂ ಬೇಕೆನ್ನುವ ಪ್ರೊಟೆಸ್ಟೆಂಟರಿಗೂ ಕಾದಾಟ ನಡೆಯುತ್ತಿದ್ದ ಕಾಲ. ಅವರದು ಬಡ ಕ್ಯಾಥೊಲಿಕರ ಬೀದಿ. ಬ್ರಿಟಿಷ್ ಸೈನ್ಯ ಯಾವ ಹೊತ್ತಿಗೆ ಬಂದು ಬಾಗಿಲು ಒದೆಯುತ್ತದೋ ತಿಳಿಯದು. ವಿಚಾರಣೆಯಿಲ್ಲ, ಕೋರ್ಟಿಲ್ಲ, ಹುಡುಗರನ್ನು ಎಬ್ಬಿಸಿ ಎಳೆದೊಯ್ದು ಒಳಗಿಡುತ್ತಿದ್ದರು. ಎರಡು ಪಂಗಡಗಳ ನಡುವೆ ಎಬ್ಬಿಸಿದ್ದ ಗೋಡೆಯ ಆಚೆ ಬದಿಯ ಪ್ರೊಟೆಸ್ಟೆಂಟರ ಮನೆಗಳಲ್ಲೂ ಹೆಣ ಬೀಳುತ್ತಿದ್ದವು, ಅಲ್ಲೂ ತಾಯಂದಿರು ಅಳುತ್ತಿದ್ದರು ಎಂದು ಅವರು ಮರೆಯದೆ ಸೇರಿಸಿದರು. ಸೈನ್ಯದ ಗಾಡಿ ಕಂಡ ಕೂಡಲೇ ಹೆಂಗಸರು ಕಸದ ಡಬ್ಬಿಯ ತಗಡಿನ ಮುಚ್ಚಳ ಹಿಡಿದು ಬೀದಿಗೆ ಬಂದು, ಮಂಡಿಯೂರಿ, ಕಲ್ಲುಹಾಸಿಗೆ ಬಡಿಯುತ್ತಿದ್ದರು. ಒಂದು ಬೀದಿಯ ಸದ್ದು ಕೇಳಿ ಮುಂದಿನ ಬೀದಿ. ಹುಡುಗರು ಎದ್ದು ಹಿತ್ತಿಲ ಗೋಡೆ ಹಾರಿ ಓಡಲು ಅಷ್ಟು ಹೊತ್ತು ಸಾಕಿತ್ತು.

"ಆ ಬೆಳಗಿನ ಜಾವ ಸದ್ದಿಗೆ ಎದ್ದು ಮಹಡಿಯ ಕಿಟಕಿಯಿಂದ ನೋಡಿದೆ. ನನಗೆ ಆರು ವರ್ಷ. ಬೀದಿಯ ಎಲ್ಲರ ಅಮ್ಮಂದಿರೂ ಇದ್ದರು, ನೈಟ್‌ಗೌನಿನಲ್ಲೇ. ನನ್ನಮ್ಮ ಇರಲಿಲ್ಲ. ಕೆಳಗೆ ಬಂದರೆ ಅಡುಗೆಮನೆಯಲ್ಲಿ ರೆಕಾರ್ಡರಿನ ಮುಂದೆ ಕೂತಿದ್ದಳು; ನಾನು ಏಳುವ ಮೊದಲೇ ಅಪ್ಪನಿಗೆ ಮಾತಾಡಿಡೋದು ಅವಳ ಅಭ್ಯಾಸ. ಯಾಕೆ ನೀನು ಹೋಗಿಲ್ಲ ಅಂದೆ. ಮನೆ ನೋಡಿಕೊಳ್ಳೋಕೆ ಯಾರಾದರೂ ಬೇಕಲ್ಲ, ಹೋಗಿ ಮಲಗು ಅಂದಳು."

ಶಾಲೆಯಲ್ಲಿ ಮಕ್ಕಳು ಆಡಿಕೊಂಡವಂತೆ: ನಿನ್ನಮ್ಮ ಅಡಗಿ ಕೂತವಳು. ಆ ಬೆಳಗ್ಗೆ ಎರಡು ಮನೆ ಆಚೆಯ ಹುಡುಗ ಗೋಡೆ ಹಾರಿ ತಪ್ಪಿಸಿಕೊಂಡ. ಮೊದಲು ಬಡಿದು ಎಲ್ಲರನ್ನೂ ಎಬ್ಬಿಸಿದವಳು ಮೂಲೆಮನೆಯ ಹೆಂಗಸೆಂದು ಬೀದಿ ನಂಬಿತು. ಎಷ್ಟೋ ವರ್ಷದ ಮೇಲೆ ಆಕೆ ತೀರಿಕೊಂಡಾಗ ಶವದ ಹಿಂದೆ ಹೆಂಗಸರು ಮುಚ್ಚಳ ಬಡಿಯುತ್ತಾ ನಡೆದರು. "ನನ್ನಮ್ಮನೂ ನಡೆದಳು. ಬರಿಗೈಯಲ್ಲಿ. ಅವತ್ತು ನನಗೆ ನಾಚಿಕೆಯಾದಷ್ಟು ಯಾವತ್ತೂ ಆಗಿಲ್ಲ."

ಎದ್ದು ನಿಂತರು. "ಚೆನ್ನಾಗಿ ಮಾಡಿದ್ದೀರಿ. ಥ್ಯಾಂಕ್ಸ್. ಶನಿವಾರ ನಾನು ಹೋಗೋದಿಲ್ಲ ಅನ್ಸುತ್ತೆ. ಚಿಕ್ಕಪ್ಪನ ಮಗಳು ಇದ್ದಾಳೆ ಅಲ್ಲಿ."

ನನಗೆ ಹೊಳೆದದ್ದು ಅವರು ಹೋದ ಮೇಲೆ. ಗಾಳಿಗೆ ಬಿದ್ದ ಮುಚ್ಚಳವೆಂದು ನಾನು ಎಸೆದದ್ದು ಒಂದು ಬೀದಿಯ ಹೆಂಗಸರೆಲ್ಲ ಮಂಡಿಯೂರಿ ಎಬ್ಬಿಸಿದ ಸದ್ದು! ಊರು ಉಳಿಸಿದ ಸದ್ದನ್ನು ಕೊಳೆ ಎಂದು ತೊಳೆದುಹಾಕಿದ್ದೆ. ನನ್ನ ಮಡಿಗೆ ಬೆಂಕಿ ಬೀಳಲಿ ಅನ್ನಿಸಿತು. ಹೇಳಿಬಿಡೋಣವೆಂದು ಕಾರ್ ಪಾರ್ಕಿಂಗಿನ ತನಕ ಓಡಿದೆ. ಅವರ ಕಾರು ಆಗಲೇ ಹೊರಟಿತ್ತು.

ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ: ಮೊದಲ ಪ್ರತಿಯನ್ನು ಮುಟ್ಟಬಾರದು. ಅಷ್ಟನ್ನು ಮಾತ್ರ ನಾನು ಪಾಲಿಸಿದ್ದೆ. ಗುರುವಾರ ಮಧ್ಯಾಹ್ನ ಆಫೀಸಿನಿಂದ ಬಂದವನೇ ಅದನ್ನು ತೆರೆದು, ಸ್ಪೀಕರಿನಲ್ಲಿ ಹಾಕಿದೆ. ಹೆಂಡತಿ ಬಸಳೆ ಸೋಸುತ್ತಾ ಅಲ್ಲೇ ಕುಳಿತಿದ್ದಳು. ಅವಳಿಗೆ ವಿಷಯವೆಲ್ಲ ಹೇಳಿದ್ದೆ.

"ತಡೀರಿ," ಎಂದಳು. "ಇನ್ನೊಮ್ಮೆ ಹಾಕಿ."

ಹಾಕಿದೆ.

"ಇದು ದೂರದ್ದಲ್ಲ ಮಾರಾಯ್ರೆ. ಮೊದಲಿನದ್ದು ಇಲ್ಲೇ ಮನೆ ಹತ್ತಿರ ಬಡಿದದ್ದು. ಉಳಿದವರು ಆಮೇಲೆ ಓಗೊಟ್ಟದ್ದು. ನಮ್ಮಲ್ಲಿ ಗದ್ದೆಗೆ ಹಂದಿ ಬಂದ್ರೆ ಹಾಗೇ ಅಲ್ವಾ? ಯಾವ ಮನೆಯವರಿಗೆ ಮೊದಲು ಕಾಣ್ತದೋ ಅವರು ಡಬ್ಬ ಬಡಿಯುವುದು. ಮತ್ತೆ ಒಂದೊಂದೇ ಮನೆಯವರು ಶುರು ಮಾಡುವುದು. ನಮ್ಮ ಅಜ್ಜಿ ಮಲಗಿದಲ್ಲಿಂದಲೇ ಹೇಳ್ತಿದ್ರು, ಮೊದಲು ಬಡಿದದ್ದು ಯಾವ ಮನೆ ಅಂತ."

ನಾನು ಸದ್ದಿನ ಕಸುಬಿನವನು. ಕೇಳಿಸಿದ್ದು ಬಸಳೆ ಸೋಸುವವಳಿಗೆ.

ಅಲ್ಲಿಂದ ನಾನು ನನ್ನ ರೀತಿಯಲ್ಲಿ ಪರೀಕ್ಷೆಗೆ ಕುಳಿತೆ. ಆ ಕಾಲದ ಚಿಕ್ಕ ರೆಕಾರ್ಡರುಗಳಲ್ಲಿ ದನಿಯ ಮಟ್ಟವನ್ನು ಯಂತ್ರವೇ ಹಿಡಿಯುತ್ತಿತ್ತು. ಹತ್ತಿರದಲ್ಲಿ ಜೋರು ಸದ್ದಾದರೆ ಯಂತ್ರ ಬೆದರಿ ಕಿವಿ ಮುಚ್ಚಿಕೊಳ್ಳುತ್ತದೆ, ಹಿನ್ನೆಲೆಯ ಸುಯ್ ಸದ್ದೂ ಅಡಗುತ್ತದೆ, ಕ್ಷಣ ಬಿಟ್ಟು ಮೆಲ್ಲಗೆ ಏಳುತ್ತದೆ. ದೂರದ ಸದ್ದಿಗೆ ಹಾಗಾಗುವುದಿಲ್ಲ. ಪರದೆಯ ಮೇಲೆ ಒಂದೊಂದೇ ಬಡಿತವನ್ನು ಹಿಗ್ಗಿಸಿ ನೋಡಿದೆ. ಮೊದಲು ಗುಂಯ್ ಎನ್ನುವ ಎಂಜಿನ್ನು. ಕುರ್ಚಿ ಸರಿದದ್ದು. ಹೆಜ್ಜೆ. ಬಾಗಿಲಿನ ಅಗುಳಿ ಎಳೆದದ್ದು. ಅದಕ್ಕೆ ಮೊದಲು ಎಲ್ಲೂ, ಎಷ್ಟು ಹಿಗ್ಗಿಸಿದರೂ, ಒಂದೇ ಒಂದು ತಗಡಿನ ಸದ್ದಿಲ್ಲ. ಆಮೇಲೆ ಮೊದಲ ಬಡಿತ. ಸುಯ್ ಸದ್ದು ಅಡಗಿತು. ಎರಡನೆಯದು, ಅಡಗಿತು. ಎಣಿಸಿದೆ. ಹತ್ತೊಂಬತ್ತು ಬಡಿತ ಒಬ್ಬರದೇ. ಇಪ್ಪತ್ತನೆಯದರ ಜೊತೆ, ಬಹಳ ದೂರದಿಂದ, ತೆಳ್ಳಗೆ, ಇನ್ನೊಂದು. ಆಮೇಲೆ ಮೂರು, ಆಮೇಲೆ ಲೆಕ್ಕಕ್ಕೆ ಸಿಗದಷ್ಟು. ಆ ಜಾತ್ರೆಯ ನಡುವೆ ಹತ್ತಿರದ ಬಡಿತ ನಿಲ್ಲುತ್ತದೆ. ಅಗುಳಿ ಹಾಕಿದ ಸದ್ದು. ಕುರ್ಚಿ. ಮೈಕಿನ ಪಕ್ಕದಲ್ಲೇ ಏದುಸಿರು. ಮೆಟ್ಟಿಲಿಳಿಯುವ ಪುಟ್ಟ ಹೆಜ್ಜೆ. "ಅಮ್ಮಾ, ಎಲ್ಲರೂ ಹೊರಗಿದ್ದಾರೆ. ನೀನು ಯಾಕೆ ಹೋಗಿಲ್ಲ?"

ಹತ್ತೊಂಬತ್ತು ಸಲ. ಯಾರಾದರೂ ಓಗೊಡುತ್ತಾರೋ ಇಲ್ಲವೋ ತಿಳಿಯದೆ, ಬಂದೂಕಿನವರು ಬೀದಿಯ ತುದಿಯಲ್ಲಿರುವಾಗ, ಕತ್ತಲಲ್ಲಿ, ಒಬ್ಬಳೇ! ನಾವಿಬ್ಬರೂ ಆ ಊರು ಕಂಡವರಲ್ಲ, ಆ ಜಗಳದ ಆದಿ ಅಂತ್ಯ ಬಲ್ಲವರಲ್ಲ. ಆದರೂ ಹೆಂಡತಿ ಕಣ್ಣೊರೆಸಿಕೊಂಡಳು, ನಾನೂ ಒರೆಸಿಕೊಂಡೆ.

"ಈಗಲೇ ಫೋನ್ ಮಾಡಿ ಹೇಳಿ," ಎಂದಳು.

ನಾನು ಫೋನು ಎತ್ತಿಕೊಂಡು ಮತ್ತೆ ಕೆಳಗಿಟ್ಟೆ. ಒಮ್ಮೆ ನನ್ನ ಜಾಣತನದಿಂದ ಆ ತಾಯಿಯನ್ನು ಅಡಗಿ ಕೂತವಳನ್ನಾಗಿ ಮಾಡಿದ್ದಾಗಿದೆ. ಈಗ ನನ್ನ ಮಾತಿನಿಂದಲೇ ವೀರೆಯನ್ನಾಗಿ ಮಾಡಹೊರಟರೆ? ನನ್ನ ಎಣಿಕೆ ತಪ್ಪಿದ್ದರೆ? ಕೇಳುವವರ ಕಿವಿಗೆ ಮೊದಲೇ ಮಾತು ತುಂಬಬಾರದು. ವೇಗ ಒಂದನ್ನು ಸರಿಪಡಿಸಿ, ಮಿಕ್ಕಂತೆ ಸುಯ್, ಗುಂಯ್, ಧಡಧಡ ಯಾವುದನ್ನೂ ಮುಟ್ಟದೆ, ಇಪ್ಪತ್ತೆಂಟು ನಿಮಿಷವನ್ನೂ ಹಾಗೇ ಒಯ್ದು ಕೊಡುವುದೆಂದು ತೀರ್ಮಾನಿಸಿದೆ. ಇಷ್ಟು ಕೊಳಕಾದ ಕೆಲಸವನ್ನು ನಾನು ಯಾರ ಕೈಗೂ ಕೊಟ್ಟವನಲ್ಲ.

ಶುಕ್ರವಾರ ಬೆಳಿಗ್ಗೆ ಇಬ್ಬರೂ ಅಲ್ ಹೈಲ್‌ಗೆ ಹೋದೆವು. ಮೇಡಂ ಬಾಗಿಲು ತೆರೆದರು. ಹಾಲಿನಲ್ಲಿ ಖಾಲಿ ಸೂಟ್‌ಕೇಸು ಗೋಡೆಗೆ ಒರಗಿ ನಿಂತಿತ್ತು.

"ಒಮ್ಮೆ ಕೇಳಿದ್ದೇನೆ. ಸಾಕು," ಎಂದರು.

"ಮೇಡಂ, ನೀವು ಕೇಳಿದ್ದು ನಿಮ್ಮ ತಾಯಿಯ ಪತ್ರ ಅಲ್ಲ. ನಾನು ತಿದ್ದಿದ ಪತ್ರ. ಮೂರೂವರೆ ನಿಮಿಷ ಕತ್ತರಿಸಿದ್ದೆ, ನಿಮಗೆ ಹೇಳಲೂ ಇಲ್ಲ. ತಪ್ಪು ನನ್ನದು. ಇದು ಇದ್ದದ್ದು ಇದ್ದ ಹಾಗೆ."

"ಮುಚ್ಚಳದ ಸದ್ದಾ? ಅದು ಇರಲೇಬೇಕು. ಇಡೀ ಬೀದಿಯೇ ಬಡೀತಿತ್ತು. ಅದರಿಂದ ಏನು ಬದಲಾಗುತ್ತೆ?"

"ನನಗೆ ಗೊತ್ತಿಲ್ಲ. ನೀವು ಕೇಳಿ."

ಕಣ್ಣುಮುಚ್ಚಿ ಕೇಳಿದರು. ಹನ್ನೊಂದನೆಯ ನಿಮಿಷಕ್ಕೆ ಅವರ ಹುಬ್ಬು ಗಂಟಿಕ್ಕಿತು. ಅಗುಳಿಯ ಸದ್ದು ಬಂದಾಗ ಕಣ್ಣು ಫಕ್ಕನೆ ತೆರೆಯಿತು.

"ಇದು ಹಿಂದಿನ ಬಾಗಿಲು," ಎಂದರು, ನಮಗಲ್ಲ. "ಆ ಅಗುಳಿ ಯಾವಾಗಲೂ ಹಾಗೇ ಕಿರುಗುಟ್ಟುತ್ತಿತ್ತು. ನಮ್ಮ ಕಸದ ಡಬ್ಬಿ ಹಿತ್ತಿಲಲ್ಲಿರುತ್ತಿತ್ತು."

ಆಮೇಲೆ ಅವರ ಬೆರಳು ಸೋಫಾದ ತೋಳಿನ ಮೇಲೆ ಒಂದೊಂದಾಗಿ ಎಣಿಸತೊಡಗಿತು. ಹತ್ತೊಂಬತ್ತಕ್ಕೆ ನಿಂತಿತು. ಮತ್ತೆ ಹಿಂದಕ್ಕೆ ಹಾಕಿಸಿಕೊಂಡು ಕೇಳಿದರು. ಮೂರನೆಯ ಸಲವೂ. ಹೆಡ್‌ಫೋನು ತೆಗೆದಾಗ ಮುಖ ಪೂರ್ತಿ ಒದ್ದೆಯಾಗಿತ್ತು.

"ಹಿತ್ತಿಲಲ್ಲಿ. ನಾನು ನೋಡಿದ್ದು ಮುಂದಿನ ಕಿಟಕಿಯಿಂದ." ಹೆಡ್‌ಫೋನನ್ನು ಮಡಿಲಲ್ಲಿಟ್ಟುಕೊಂಡು, "ಮೊದಲು ಬಡಿದವರು ಯಾರು ಅಂತ ಸೈನ್ಯದವರು ವಾರಗಟ್ಟಲೆ ಮನೆ ಮನೆ ಕೇಳಿದರು. ಆರು ವರ್ಷದ ಮಗುವಿಗೆ ಹೇಳಿದರೆ ಸಂಜೆಯೊಳಗೆ ಶಾಲೆಗೆಲ್ಲ ಗೊತ್ತಾಗ್ತಿತ್ತು. ಅಪ್ಪನಿಗೂ ಹೇಳಲಿಲ್ಲ, ಯಾಕೆಂದರೆ ಪಾರ್ಸೆಲ್ ಒಡೆದು ಕೇಳೋರಿದ್ದರು. ಆಮೇಲೆ, ಹೇಳದೇ ಇರೋದೇ ಅಭ್ಯಾಸ ಆಗಿರಬೇಕು," ಎಂದರು. "ಬರಿಗೈಯಲ್ಲಿ ನಡೆದಳು. ಆ ಶವದ ಹಿಂದೆ ಬರಿಗೈಯಲ್ಲಿ ನಡೆದಳಲ್ಲ!"

ಹೊಗಳಿಕೆ ತನ್ನದಾಗಬೇಕಿದ್ದ ಕಡೆ ಅದು ಇನ್ನೊಬ್ಬಳ ಹೆಣದ ಮೇಲೆ ಸುರಿಯುವುದನ್ನು ನೋಡುತ್ತಾ, ಮಗಳ ಕಣ್ಣಿನ ತಿರಸ್ಕಾರವನ್ನೂ ನೋಡುತ್ತಾ, ಐವತ್ತು ವರ್ಷ ಬಾಯಿ ಬಿಡದೆ ಬದುಕಲು ಎಂಥ ಎದೆ ಬೇಕು? ನಾನು ಒಂದು ಕ್ಯಾಸೆಟ್ಟು ಸರಿಮಾಡಿದರೆ ನಾಲ್ಕು ಜನಕ್ಕೆ ಹೇಳುವವನು.

ಮೊದಲು ಅಲುಗಿದವಳು ನನ್ನ ಹೆಂಡತಿ. ಅವಳಿಗೆ ಇಂಥ ಹೊತ್ತಿನಲ್ಲಿ ಕೈ ಸುಮ್ಮನಿರುವುದಿಲ್ಲ. ಎದ್ದು ಹೋಗಿ ಖಾಲಿ ಸೂಟ್‌ಕೇಸನ್ನು ನಡುಮನೆಗೆ ತಂದು ಮಲಗಿಸಿ, ಜಿಪ್ ಎಳೆದು, ತನ್ನ ಮುರುಕು ಇಂಗ್ಲಿಷಿನಲ್ಲಿ ಕೇಳಿದಳು, "ಮೇಡಂ, ಸ್ವೆಟರ್ ಎಲ್ಲಿದೆ?"

ಶನಿವಾರ ಅವರು ಹೋದರು. ನಾನು ಪ್ರತಿಯನ್ನು ಫೋನಿಗೂ ಹಾಕಿ, ಹಳೆಯ ಟೇಪನ್ನು ಹೊಸ ಚಿಪ್ಪಿನೊಳಗೆ ಭದ್ರಮಾಡಿ, ಒಡೆದ ಚಿಪ್ಪನ್ನೂ ಜೊತೆಗೆ ಕಟ್ಟಿಕೊಟ್ಟಿದ್ದೆ. ಹತ್ತಾರು ದಿನ ಸುದ್ದಿಯಿರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ, ಸಭಾಂಗಣದ ಮೈಕು ಬಿಚ್ಚಿಡುವಾಗ, ಅವರ ದನಿಯ ಸಂದೇಶ ಬಂತು. ಹಿನ್ನೆಲೆಯಲ್ಲಿ ಯಾವುದೋ ಗಾಡಿಯ ಚಕ್ರ, ಕಪ್ಪು-ಬಸಿಯ ಸದ್ದು, ಯಾರೋ ಮುದುಕಿಯ ಕೆಮ್ಮು. ಅದನ್ನು ನಾನು ಹಾಗೇ ಇಟ್ಟುಕೊಂಡಿದ್ದೇನೆ, ಒಂದು ಚೂರೂ ಒರೆಸಿಲ್ಲ.

"ಅಮ್ಮನಿಗೆ ಕೇಳಿಸಿದೆ," ಎಂದಿದ್ದರು. "ಪೂರ್ತಿ ಕೇಳಿದಳು. ಮುಗಿದ ಮೇಲೆ ನನ್ನ ಮುಖ ನೋಡಿದಳು. ನಾನು ಏನೂ ಕೇಳಲಿಲ್ಲ. ಅವತ್ತು ಗಾಳಿ ಜೋರಿತ್ತು ಅಂದಳು. ಹೌದಮ್ಮಾ, ತುಂಬ ಜೋರಿತ್ತು, ಇಡೀ ಬೀದಿ ಎದ್ದುಬಿಟ್ಟಿತು ಅಂದೆ. ಆಗ ನನ್ನ ಕೈ ಹಿಡಿದಳು. ಇನ್ನೂ ಬಿಟ್ಟಿಲ್ಲ, ಒಂದೇ ಕೈಯಲ್ಲಿ ಫೋನ್ ಹಿಡಿದು ಮಾತಾಡ್ತಿದ್ದೇನೆ."